ಮುಕ್ಕಾಲಿನ ಪಾದುಕೆ

"ಒಂದೇ ಒಂದು ಅಂಗಾಲು ಕಾಪಾಡೋದು ನನ್ನಿಂದ ಆಗಲ್ವಾ? ಎಷ್ಟೆಷ್ಟು ದೊಡ್ಡ ನೆಲ ನೋಡಿದೀನಿ ನಾನು!" ಎಂದು ನೆಲಕ್ಕೆ ಪಾಲಿಶ್ ಹಾಕುವ ಮೇಸ್ತ್ರಿ ತಮ್ಮ ಮನೆಯ ಹಾಲಿನ ನಡುವೆ ನಿಂತು ಘೋಷಿಸಿದರು. ಈ ಘೋಷಣೆಯನ್ನು ಕೇಳಿಸಿಕೊಂಡ ಜೀವಗಳು ಎರಡು. ಒಂದು ಅವರ ಹೆಂಡತಿ, ಶಾಲೆಯ ವ್ಯಾನ್ ಓಡಿಸುವವಳು. ಇನ್ನೊಂದು ಆ ಅಂಗಾಲಿನ ಒಡೆಯ, ಮುಕ್ಕಾಲು ಎಂಬ ಹೆಸರಿನ ನಾಯಿ. ಹೆಂಡತಿ ಆಕಳಿಸಿದಳು. ಅವಳನ್ನು ನೋಡಿ ನಾಯಿಯೂ ಆಕಳಿಸಿತು.

ಮುಂದಿನ ಬಲಗಾಲನ್ನು ಯಾವುದೋ ಲಾರಿಗೆ ಒಪ್ಪಿಸಿ ರಸ್ತೆ ಬದಿಯಲ್ಲಿ ಬಿದ್ದಿದ್ದ ಅದನ್ನು ಹೆಂಡತಿ ವ್ಯಾನಿಗೆ ಹತ್ತಿಸಿಕೊಂಡು ಬಂದಿದ್ದಳು. ಹೆಸರಿಟ್ಟವರು ಮೇಸ್ತ್ರಿ. ಕಾಲು ಮುಕ್ಕಾಲಾದರೂ ಹೊಟ್ಟೆ ಒಂದೂವರೆ ಎಂದು ಬೈಯುತ್ತಲೇ ತಮ್ಮ ತಟ್ಟೆಯದನ್ನು ಅದಕ್ಕೆ ಹಾಕುವವರೂ ಅವರೇ. ಸಂಜೆ ಕಲ್ಲಿನ ಪುಡಿ ಮೆತ್ತಿಕೊಂಡು ಸುಣ್ಣದ ಗೊಂಬೆಯಾಗಿ ಮನೆಗೆ ಬಂದಾಗ, "ಅಲ್ಲೇ ನಿಲ್ಲಿ, ಮೈ ಕೊಡವಿ" ಎನ್ನದೆ ಓಡಿ ಬಂದು ನೆಕ್ಕುವ ಜೀವ ಅದೊಂದೇ. ಮೇಸ್ತ್ರಿಗೆ ಅದರ ಮೇಲೆ ಪ್ರಾಣ. ಹಾಗೆಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ಅಂಥ ಮುಕ್ಕಾಲಿನ ಉಳಿದೊಂದು ಮುಂಗಾಲಿನ ಅಂಗಾಲು ಬಿರಿದು ರಕ್ತ ಜಿನುಗತೊಡಗಿತ್ತು. ಪಶುವೈದ್ಯೆ ನೋಡಿ ಹುಬ್ಬು ಗಂಟಿಕ್ಕಿದರು. "ನಾಲ್ಕು ಕಾಲಿದ್ದಿದ್ರೆ ನೋಯೋ ಕಾಲನ್ನ ಎತ್ಕೊಂಡು ಓಡಾಡ್ತಿತ್ತು. ಇದು ಈ ಕಾಲನ್ನ ಎತ್ತಿದ್ರೆ ಮೂತಿ ಊರಿ ನಡೀಬೇಕಷ್ಟೆ" ಎಂದರು. ಈ ಪಾದ ಕೆಟ್ಟರೆ ನಾಯಿ ಮಲಗಿದಲ್ಲೇ ಎಂದೂ ಎಚ್ಚರಿಸಿದರು. ಮುಲಾಮು ಹಚ್ಚಬೇಕು, ಹೊರಗೆ ಹೋಗುವಾಗ ಮೆತ್ತನೆಯ ಬೂಟು ಹಾಕಬೇಕು, ಮನೆಯೊಳಗೆ ಜಾರದಂತೆ ನೋಡಿಕೊಳ್ಳಬೇಕು. ಅಂದಹಾಗೆ ಮನೆಯ ನೆಲ ಹೇಗಿದೆ?

ಮೇಸ್ತ್ರಿ ಎದೆ ಉಬ್ಬಿಸಿ, ಕನ್ನಡಿ ಎಂದರು.

ಹಾಗಾದರೆ ರೋಗ ಗೊತ್ತಾಯಿತು ಎಂದರು ಪಶುವೈದ್ಯೆ.

ದಾರಿಯುದ್ದಕ್ಕೂ ಮೇಸ್ತ್ರಿ ಕುದಿದರು. ಅವರ ಮನೆಯ ಹಾಲು ಬರೀ ಹಾಲಲ್ಲ, ಅವರ ಅಂಗಡಿಯ ಬೋರ್ಡು! ಕೆಲಸ ಕೊಡುವ ಗಿರಾಕಿಗಳನ್ನೆಲ್ಲ ಕರೆತಂದು ಆ ಕಪ್ಪು ಕಲ್ಲಿನಲ್ಲಿ ಅವರವರ ಮುಖವನ್ನು ಅವರಿಗೇ ತೋರಿಸಿ ಕಳಿಸುತ್ತಿದ್ದರು. ಜಗತ್ತಿನ ಸಕಲ ಕಷ್ಟಕ್ಕೂ ಒರಟುತನವೇ ಮೂಲ ಎಂದು ನಂಬಿದ ಮನುಷ್ಯನಿಗೆ ನುಣುಪಿನಿಂದ ಗಾಯವಾಯಿತು ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಬೆಣ್ಣೆಯಂಥ ನೆಲ ಯಾರ ಕಾಲನ್ನಾದರೂ ಕೊಯ್ದೀತೇ?

ಹೆಂಡತಿಗೆ ಹಿಡಿತದ ವಿಚಾರ ಚೆನ್ನಾಗಿ ಗೊತ್ತಿತ್ತು. ಸವೆದ ಟೈರಿನಲ್ಲಿ ವ್ಯಾನ್ ಹೊರಡಿಸುವವಳಲ್ಲ ಅವಳು. ವ್ಯಾನಿನ ಹಳೆಯ ರಬ್ಬರ್ ಮ್ಯಾಟುಗಳು ಬಿದ್ದಿವೆ, ತಂದು ಹಾಸುತ್ತೇನೆ ಎಂದಳು. ಕನ್ನಡಿಯ ಮೇಲೆ ಕಂಬಳಿ ಹೊದಿಸುತ್ತಾರೆಯೇ ಎಂದು ಮೇಸ್ತ್ರಿ ಹಾರಿಬಿದ್ದರು.

"ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ಕಟ್ಕೊಂಡೆ. ನಾಯಿಗೂ ಮೂರೇ ಕಾಲು. ಇಬ್ಬರನ್ನೂ ನಾನೇ ಸಂಭಾಳಿಸ್ಬೇಕು" ಎಂದು ಹೆಂಡತಿ ಕೀಲಿ ತೆಗೆದುಕೊಂಡು ಕೆಲಸಕ್ಕೆ ಹೋದಳು.

ಮೇಸ್ತ್ರಿ ಆವೊತ್ತೇ ಪಾದುಕೆಯ ನಿರ್ಮಾಣಕ್ಕೆ ಕುಳಿತರು. ಅಂಗಡಿಯ ಬೂಟು ಯಾರಿಗೆ ಬೇಕು? ಪಾಲಿಶ್ ಯಂತ್ರದ ಅಡಿಗೆ ಹಾಕುವ ದಪ್ಪ ಉಣ್ಣೆಯ ಬಿಲ್ಲೆ ಮನೆಯಲ್ಲೇ ಇತ್ತು. ಎಲ್ಲ ಕೆಲಸ ಮುಗಿದ ಮೇಲೆ ಕೊನೆಯ ಹೊಳಪು ಬರಿಸುವುದು ಅದರಿಂದಲೇ. ಅದಕ್ಕಿಂತ ಮೆತ್ತನೆಯ ವಸ್ತುವನ್ನು ಮೇಸ್ತ್ರಿ ತಮ್ಮ ಜೀವಮಾನದಲ್ಲಿ ಮುಟ್ಟಿರಲಿಲ್ಲ. ಬಿಲ್ಲೆಯನ್ನು ಕತ್ತರಿಸಿ, ಹೊಲಿದು, ಪಟ್ಟಿ ಕಟ್ಟಿ, ಮುಲಾಮು ಹಚ್ಚಿದ ಪಾದಕ್ಕೆ ತೊಡಿಸಿದರು. ಬಟ್ಟಲ ತುಂಬ ಊಟ ತುಂಬಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದರು.

ಮುಕ್ಕಾಲು ಹೊರಟಿತು. ಹೊರಟಿದ್ದು ಮಾತ್ರ ಅದರ ಇಷ್ಟ, ಮುಂದಿನದೆಲ್ಲ ನೆಲದ ಇಷ್ಟ! ಸೋಫಾದ ಕಾಲನ್ನು ಸವರಿ, ಅರ್ಧ ಸುತ್ತು ತಿರುಗಿ, ಬಾಲ ಮುಂದಾಗಿ ಅಡುಗೆಮನೆಯನ್ನು ಹೊಕ್ಕು ಹಿಟ್ಟಿನ ಡಬ್ಬಕ್ಕೆ ಬಡಿದು ನಿಂತಿತು. ಮಧ್ಯಾಹ್ನ ಬಂದ ಹೆಂಡತಿ ಬಿಳಿ ನಾಯಿಯನ್ನೂ ಬಿಳಿ ಗಂಡನನ್ನೂ ನೋಡಿ ಪೊರಕೆ ತಂದು ಗಂಡನ ಕೈಗೆ ಕೊಟ್ಟಳು.

ದೋಷ ಪಾದುಕೆಯದಲ್ಲ, ಸಮತೋಲದ್ದು ಎಂದು ಮೇಸ್ತ್ರಿ ತೀರ್ಮಾನಿಸಿದರು. ಹಿಂಗಾಲುಗಳಿಗೂ ಒಂದೊಂದು ಹೊಲಿದರು. ಮೊದಲು ಒಂದು ಕಡೆಯಿಂದ ಜಾರುತ್ತಿದ್ದ ನಾಯಿ ಈಗ ಮೂರೂ ಕಡೆಯಿಂದ ಜಾರಿತು. ಬಿಲ್ಲೆಯಲ್ಲಿ ಪಾಲಿಶ್ ಪುಡಿ ಇನ್ನೂ ಉಳಿದಿತ್ತು. ನಾಯಿ ಒದ್ದಾಡಿದಷ್ಟೂ ನೆಲ ಹೊಳೆಯಿತು, ನೆಲ ಹೊಳೆದಷ್ಟೂ ನಾಯಿ ಒದ್ದಾಡಿತು. ಬಾಗಿಲಿನಿಂದ ಅಡುಗೆಮನೆಯ ತನಕ ಹಿಂದೆಂದೂ ಕಾಣದ ಹೊಳಪಿನ ಪಟ್ಟಿಯೊಂದು ಮೂಡಿದ್ದನ್ನು ನೋಡಿ ಮೇಸ್ತ್ರಿ ಕಸುಬಿನ ಹೆಮ್ಮೆಯಿಂದ ಒಂದು ಕ್ಷಣ ಮೈಮರೆತದ್ದೂ ಉಂಟು.

ಹೆಂಡತಿ ಮುಂಗಾಲಿನ ಪಾದುಕೆಯನ್ನು ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿದಳು. ಒಳಗೆ ರಕ್ತದ ಕಲೆ.

"ನಾಯಿಗೆ ಬೂಟು ಹೊಲಿದಿಲ್ಲ ನೀವು. ಮೆಷಿನ್‌ಗೆ ನಾಯಿ ಜೋಡಿಸಿದೀರಿ."

ಮೇಸ್ತ್ರಿ ಉಳಿದೆರಡು ಪಾದುಕೆಗಳನ್ನೂ ಬಿಚ್ಚಿದರು. ಮುಕ್ಕಾಲು ಅಂದಿನಿಂದ ಹಾಲಿಗೆ ಇಳಿಯಲೇ ಇಲ್ಲ. ಹೊಸ್ತಿಲಲ್ಲಿ ನಿಂತು, ಕೆರೆ ದಾಟಬೇಕಾದವರ ಹಾಗೆ ಆ ನೆಲವನ್ನು ನೋಡಿ ಕುಂಯ್‌ಗುಟ್ಟುತ್ತಿತ್ತು. ಹಿತ್ತಿಲಿಗೆ ಹೋಗಲು ಬೇರೆ ದಾರಿಯಿಲ್ಲ. ಮೇಸ್ತ್ರಿ ಅದನ್ನು ಹೆಗಲಿಗೇರಿಸಿ ಹೊತ್ತೊಯ್ದು, ಕೆಲಸ ಮುಗಿಯುವ ತನಕ ಕಾದು, ಮತ್ತೆ ಹೊತ್ತು ತರಬೇಕಾಯಿತು. ಸೊಂಟ ಹಿಡಿದುಕೊಂಡಿತು. ಕೊನೆಗೆ ಹೆಂಡತಿ ರಬ್ಬರ್ ಮ್ಯಾಟುಗಳನ್ನು ತಂದು ಹಾಸಿದಾಗ ಮೇಸ್ತ್ರಿ ಮುಖ ಗಂಟು ಹಾಕಿಕೊಂಡೇ ಒಪ್ಪಿದರು. ಗಾಯ ಒಣಗತೊಡಗಿತು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೊಡ್ಡ ಹೋಟೆಲೊಂದರ ಮ್ಯಾನೇಜರು ನೆಲದ ಮಾದರಿ ನೋಡಲು ಮನೆಗೆ ಬರುತ್ತೇನೆ ಎಂದು ಹೇಳಿ ಕಳಿಸಿದರು. ಕೊಳಕು ಮ್ಯಾಟುಗಳ ಮೇಲೆ ಅಂಥವರನ್ನು ನಡೆಸುವುದೇ? ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಮೇಸ್ತ್ರಿ ಮ್ಯಾಟುಗಳನ್ನು ಸುರುಳಿ ಸುತ್ತಿ ಹಿತ್ತಿಲಿಗೆ ಎಸೆದರು. ನೆಲಕ್ಕೆ ಇನ್ನೊಂದು ಕೈ ಹೊಳಪು ಕೊಟ್ಟರು. ನಾಯಿಯ ಉಗುರಿನಿಂದ ಗೀರು ಬೀಳಬಾರದೆಂದು ಅದಕ್ಕೆ ಮೂರೂ ಪಾದುಕೆ ತೊಡಿಸಿ ಮಲಗುವ ಕೋಣೆಗೆ ತಳ್ಳಿ ಬಾಗಿಲು ಮುಂದೆ ಮಾಡಿದರು. ಬಂದ ಮ್ಯಾನೇಜರಿಗೆ ಬೂಟು ಬಿಚ್ಚಿ ಬರಬೇಕೆಂದು ವಿನಂತಿಸಿದರು. ಮ್ಯಾನೇಜರು ಕಾಲುಚೀಲದಲ್ಲಿ ಹಾಲಿನ ನಡುವಿನ ತನಕ ಬಂದು, ಬಗ್ಗಿ, ತಮ್ಮ ಮುಖ ನೋಡಿಕೊಂಡು ತಲೆದೂಗಿದರು.

ಹೊಸ ದನಿ ಕೇಳಿದ ಮುಕ್ಕಾಲು ಬಾಗಿಲು ದೂಡಿಕೊಂಡು ಬಂತು. ಅತಿಥಿಗಳೆಂದರೆ ಅದಕ್ಕೆ ಬಹಳ ಇಷ್ಟ. ಪ್ರೀತಿಯ ಆವೇಗವೂ ಪಾಲಿಶ್‌ನ ಆವೇಗವೂ ಸೇರಿ, ಅದು ಮ್ಯಾನೇಜರ ಎರಡು ಕಾಲುಗಳ ನಡುವೆಯೇ ಹಾದುಹೋಗಲು ನೋಡಿತು. ಮ್ಯಾನೇಜರು ಕುಳಿತರು ಎನ್ನುವುದಕ್ಕಿಂತ ನೆಲವೇ ಎದ್ದು ಬಂದು ಅವರನ್ನು ಕೂರಿಸಿಕೊಂಡಿತು ಎನ್ನಬೇಕು. "ಅಯ್ಯೋ ಪಾದ!" ಎಂದು ಮೇಸ್ತ್ರಿ ನಾಯಿಯನ್ನು ಹಿಡಿಯಲು ನುಗ್ಗಿದರು. ನಾಯಿ ಸಿಕ್ಕಿತು. ಕಾಲು ಎಲ್ಲಿಗೋ ಹೋಯಿತು. ಕಣಕಾಲಿನಲ್ಲಿ ಲಟಕ್ ಎಂದಿತು. ಎದೆಯ ಮೇಲೆ ನಾಯಿಯನ್ನು ಅವುಚಿಕೊಂಡು ಅಂಗಾತ ಬಿದ್ದ ಮೇಸ್ತ್ರಿ ಗೋಡೆಯ ತನಕ ಸಾಗಿದರು.

ಮ್ಯಾನೇಜರು ಕುಳಿತಲ್ಲಿಂದಲೇ ಶಾಂತವಾಗಿ ಕೇಳಿದರು. "ನಮ್ಮಲ್ಲಿ ವಯಸ್ಸಾದೋರೂ ಬರ್ತಾರೆ ಮೇಸ್ತ್ರಿ. ಹೊಳಪು ಬೇಡ. ಕಾಲು ನಿಲ್ಲೋ ಹಾಗೆ ಮಾಡಕ್ಕಾಗುತ್ತಾ?"

ಜೀವಮಾನವಿಡೀ ಒರಟನ್ನು ಸೋಲಿಸಿದ ಮೇಸ್ತ್ರಿ, ಮಗ್ಗುಲಾಗಿ, ತಮ್ಮದೇ ನೆಲದಲ್ಲಿ ತಮ್ಮದೇ ಪೆಚ್ಚು ಮೋರೆಯನ್ನು ತೀರ ಹತ್ತಿರದಿಂದ ನೋಡುತ್ತಾ, ಆಗುತ್ತೆ ಎಂದರು. ಮೊದಲು ನಾಯಿಯ ಪಾದವನ್ನು ತಿರುಗಿಸಿ ನೋಡಿದರು. ಗಾಯ ಬಿಚ್ಚಿರಲಿಲ್ಲ. ತಮ್ಮ ಪಾದ ಊದಿಕೊಂಡಿದ್ದು ಆಮೇಲೆ ಗಮನಕ್ಕೆ ಬಂತು.

ಕಾಲಿಗೆ ಪ್ಲಾಸ್ಟರ್ ಬಿತ್ತು. ಎರಡು ಊರುಗೋಲು, ಒಂದು ನೆಟ್ಟಗಿನ ಕಾಲು, ಒಟ್ಟು ಮೂರಾಯಿತು. ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಮೇಸ್ತ್ರಿ ಮಲಗುವ ಕೋಣೆಯ ಹೊಸ್ತಿಲಲ್ಲಿ ನಿಂತು ಹಾಲನ್ನು ನೋಡಿದರು. ಬಚ್ಚಲುಮನೆ ಆಚೆ ಬದಿಗೆ ಹೊಳೆಯುವ ನೆಲದ ತುದಿಯಲ್ಲಿತ್ತು. ಊರುಗೋಲು ಊರಿದರು, ಅದು ಸರ್ರನೆ ಸರಿಯಿತು. ಹಿಂದಕ್ಕೆ ಎಳೆದುಕೊಂಡರು. ಗಂಟಲಿನಿಂದ ಅವರಿಗೇ ಗೊತ್ತಿಲ್ಲದೆ ಕುಂಯ್ ಎಂಬಂಥ ದನಿ ಹೊರಟಿತು.

ಬಚ್ಚಲಿನ ಕಡೆಗೂ ಒಂದೆರಡು ಮ್ಯಾಟು ಹಾಸಬಾರದೇ ಎಂದು ದೀನವಾಗಿ ಕೇಳಿದರು.

"ಹಿತ್ತಿಲಿಂದ ತಂದು ಇರೋದನ್ನೆಲ್ಲ ಅದರ ದಾರಿಗೇ ಹಾಸಿದೀನಿ" ಎಂದಳು ಹೆಂಡತಿ, ವ್ಯಾನಿನ ಕೀಲಿ ಹುಡುಕುತ್ತಾ.

"ಮತ್ತೆ ನಾನೆಲ್ಲಿಗೆ ಹೋಗ್ಲಿ?"

"ಅದು ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

ವ್ಯಾನ್ ಹೊರಟ ಸದ್ದು ಕೇಳಿಸಿತು. ಮುಕ್ಕಾಲು ಎದ್ದು ಮೈ ಮುರಿದು, ಮ್ಯಾಟುಗಳ ಮೇಲೆ ಒಂದೊಂದೇ ಹೆಜ್ಜೆಯನ್ನು ಗಟ್ಟಿಯಾಗಿ ಊರುತ್ತಾ ಹಿತ್ತಿಲ ಬಾಗಿಲ ತನಕ ನಡೆದು, ಅಲ್ಲಿ ನಿಂತು ಹಿಂದಿರುಗಿ ನೋಡಿತು. ಮೇಸ್ತ್ರಿ ಊರುಗೋಲು ಸರಿಪಡಿಸಿಕೊಂಡು ಅದರ ಹಿಂದೆಯೇ ಹೊರಟರು.