ಈಶ್ವರಮ್ಮನಿಗೆ ಇಟ್ಟ ಸೀರೆ

ಬೊಮ್ಮಯ್ಯನ ಬೀದಿಯಲ್ಲಿ ಅಮಾವಾಸ್ಯೆ ದಿನ ಯಾವ ನೇಕಾರನೂ ಮಗ್ಗಕ್ಕೆ ಕೂರುವುದಿಲ್ಲ. ಅದರಲ್ಲೂ ಅವತ್ತು ಮಹಾಲಯ ಅಮಾವಾಸ್ಯೆ. ಮನೆಮನೆಯ ಹಿರಿಯರು ಎಡೆ ಉಣ್ಣಲು ಬರುವ ದಿನ. ಬೊಮ್ಮಯ್ಯನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಸೀರೆಯ ಸೆರಗು ಇನ್ನೂ ಒಂದು ಗೇಣು ಉಳಿದಿತ್ತು. ಸೀರೆಯೂ ಅಂಥಿಂಥವರದಲ್ಲ, ಬಿ.ಜಿ. ಕೆರೆ ಹತ್ತಿರದ ಹಟ್ಟಿಯ ಗುಡಿಯ ಅಮ್ಮನದು. ಮಾರನೆಯ ದಿನ ನವರಾತ್ರಿ ಶುರು. ಹೊಸ ರೇಷ್ಮೆ ಉಡಿಸಿಯೇ ಅಮ್ಮನನ್ನು ಕೂರಿಸಬೇಕೆಂದು ಪೂಜಾರಿ ಜೋಗಪ್ಪ ಸಂಜೆ ನಾಲ್ಕರ ಬಸ್ಸಿಗೆ ಬರುವವನಿದ್ದ. ಒಂದು ಗೇಣಿಗೆ ಯಾವ ಹಿರಿಯರು ಮುನಿಸಿಕೊಳ್ಳುತ್ತಾರೆ ಎಂದುಕೊಂಡು ಬೊಮ್ಮಯ್ಯ ಬೀದಿ ಬಾಗಿಲು ಮುಂದೆ ಮಾಡಿ, ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟ.

ಮುಚ್ಚಿದ ಬಟ್ಟೆ ಎತ್ತಿ ನೋಡಿದರೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಹನ್ನೊಂದು ಎಳೆ ಹರಿದು ಜೋತು ಬಿದ್ದಿದ್ದವು.

ಗೊಣಗುತ್ತಾ ಒಂದೊಂದನ್ನೇ ಗಂಟು ಹಾಕಿ ಎರಡು ಸಲ ಲಾಳಿ ಓಡಿಸಿದ. ಸದ್ದಿಲ್ಲದೆ ನೇಯುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲವಲ್ಲ, ಮೂರನೆಯ ಸಲಕ್ಕೆ ಪಕ್ಕದ ಮನೆಯ ಕಲ್ಲೇಶಪ್ಪ ಹೆಂಡತಿ ಗಂಗಾಂಬಿಕಾಳ ಜೊತೆ ಬಾಗಿಲು ತಳ್ಳಿಕೊಂಡು ಬಂದ. ಕಲ್ಲೇಶಪ್ಪನೂ ನೇಕಾರನೇ. ಮಗ್ಗಕ್ಕಿಂತ ಹೆಚ್ಚಾಗಿ ಅವನ ಬಾಯಿ ಓಡುತ್ತದೆ ಅಷ್ಟೆ. ಎಳೆ ಹರಿದದ್ದನ್ನು ಕೇಳಿದ್ದೇ ತಡ, ಇದು ನಿಮ್ಮಪ್ಪನದೇ ಕೆಲಸ, ಬದುಕಿದ್ದಾಗಲೂ ಅಮಾವಾಸ್ಯೆ ಮುರಿದವನಲ್ಲ, ಒಂದು ಕಾಯಿ ಒಡೆದು ಬಿಡು ಎಂದು ತೀರ್ಪು ಕೊಟ್ಟ.

ಬೊಮ್ಮಯ್ಯ ಕಲ್ಲೇಶಪ್ಪನನ್ನೂ ಎಳೆದುಕೊಂಡು ಅಂಗಡಿಗೆ ಓಡಿ ಕಾಯಿ ತಂದು ಮಗ್ಗದ ಮುಂದೆ ಒಡೆದ. ಕಾಯಿ ಕೊಳೆತಿತ್ತು. ಅಷ್ಟರಲ್ಲಿ ಮಗ್ಗದಲ್ಲಿ ಇನ್ನೂ ಇಪ್ಪತ್ತು ಎಳೆ ಹರಿದಿದ್ದವು. ಹಾಗಾದರೆ ಅಪ್ಪನಲ್ಲ, ನಿಮ್ಮಜ್ಜ ಇರಬೇಕು, ಅಜ್ಜನಿಗೆ ನಿಂಬೆಹಣ್ಣು ಎಂದ ಕಲ್ಲೇಶಪ್ಪ. ಬೊಮ್ಮಯ್ಯ ಮತ್ತೆ ಓಡಿದ. ತಂದ ನಿಂಬೆಹಣ್ಣನ್ನು ಹೊಸ್ತಿಲ ಮೇಲಿಟ್ಟು ಕಾಲಿನಿಂದ ತುಳಿಯಲು ಹೋಗಿ ಜಾರಿ, ಕಲ್ಲೇಶಪ್ಪನ ಮೇಲೇ ಬಿದ್ದ. ಇಬ್ಬರೂ ಸೊಂಟ ಹಿಡಿದುಕೊಂಡು ಎದ್ದು ನೋಡಿದರೆ ಮಗ್ಗದಲ್ಲಿ ಮತ್ತೆ ನಲವತ್ತು. ಹಾಸು ಇಲಿ ಕಡಿದ ಜಡೆಯಂತೆ ಕಾಣುತ್ತಿತ್ತು. ಗಂಟೆ ಹನ್ನೊಂದಾಗಿತ್ತು. ಜೋಗಪ್ಪ ಬಂದರೆ ಅಮ್ಮನಿಗೆ ಏನು ಕೊಡುವುದು?

ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಹೆಂಡತಿ ಹರಿಪ್ರಿಯಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳು ಬೊಮ್ಮಯ್ಯನ ಎರಡನೆಯ ಹೆಂಡತಿ. ಮೊದಲನೆಯವಳು ಈಶ್ವರಮ್ಮ ತೀರಿಹೋಗಿ ಎಂಟು ವರ್ಷವಾಗಿತ್ತು.

"ಸುಮ್ನೆ ಓಡಾಡಿ ಯಾಕ್ರೀ ಸೊಂಟ ಮುರ್ಕೊಳ್ತೀರಾ? ದುರುಗಕ್ಕನ್ನ ಕರೀಲಾ?" ಎಂದಳು.

ಬೊಮ್ಮಯ್ಯ ತಲೆಯಾಡಿಸಿದ. ಎದುರು ಮನೆಯ ಮುದುಕಿ ದುರುಗಕ್ಕನ ಮಾತು ಸುಳ್ಳಾಗುವುದಿಲ್ಲವೆಂದು ಅವನಿಗೆ ಅನುಭವವಿತ್ತು. ಇಪ್ಪತ್ತು ವರ್ಷದ ಹಿಂದೆ, ಅವನ ಅವ್ವ ತೀರಿಕೊಂಡ ವರ್ಷ, ಇದೇ ಮಗ್ಗದಲ್ಲಿ ಹೀಗೇ ಎಳೆ ಹರಿದಿದ್ದವು. ನಿಮ್ಮವ್ವ ರೇಷ್ಮೆ ಸೀರೆ ಕೇಳುತ್ತಿದ್ದಾಳೆ ಎಂದು ಆಗ ದುರುಗಕ್ಕ ಹೇಳಿದ್ದಳು. ಅವ್ವನ ಹೆಸರಲ್ಲಿ ಸೀರೆ ಇಟ್ಟ. ಎಡೆಗೆ ಇಟ್ಟ ಸೀರೆಯನ್ನು ಮನೆಯ ಮುತ್ತೈದೆ ಉಡಬೇಕಾದ್ದರಿಂದ ಈಶ್ವರಮ್ಮ ಅದನ್ನು ಉಟ್ಟಳು. ಎಳೆ ಹರಿಯುವುದು ಅವತ್ತೇ ನಿಂತಿತ್ತು.

ದುರುಗಕ್ಕ ಬಂದು ಮೊರದಲ್ಲಿ ಅಕ್ಕಿ ಹರವಿ, ಚಿಟಿಕೆ ಹಿಡಿದು ಕಾಳು ಎಣಿಸಿದಳು. ಸರಿ ಸಂಖ್ಯೆ ಬಂತು. ಇನ್ನೊಂದು ಚಿಟಿಕೆ ಹಿಡಿದಳು. ಬೆಸ ಬಂತು. ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು.

"ಗಂಡಸಲ್ಲ ಕಣಪ್ಪ, ಹೆಂಗಸು. ಮುತ್ತೈದೆಯಾಗಿ ಹೋದೋಳು. ಆಯಮ್ಮನಿಗೆ ಸಿಟ್ಟಲ್ಲ, ನೋವು ಐತೆ. ಹೋದ ವರ್ಷ ಆಯಮ್ಮನ ಮುಂದೆ ಏನಿಟ್ಟಿದ್ದೆ?"

ಬೊಮ್ಮಯ್ಯ ತಲೆ ತಗ್ಗಿಸಿದ. ಪ್ರತಿ ವರ್ಷ ಬರೀ ಕುಪ್ಪಸದ ಬಟ್ಟೆ ಇಡುತ್ತಿದ್ದವನು ಹೋದ ವರ್ಷ ಸೀರೆ ಇಡಬೇಕೆಂದುಕೊಂಡರೂ, ನೇಯ್ದದ್ದೆಲ್ಲ ಮಾರಿಹೋಗಿದ್ದರಿಂದ ಚಳ್ಳಕೆರೆಗೆ ಹೋಗಿ ಪವರ್‌ಲೂಮ್ ಸೀರೆಯೊಂದನ್ನು ತಂದು, ನಾನೇ ನೇಯ್ದದ್ದು ಎಂದು ಈಶ್ವರಮ್ಮನ ಕಳಶದ ಮುಂದೆ ಇಟ್ಟಿದ್ದ. ಇಟ್ಟವನು ನೇಕಾರ, ಇಡಿಸಿಕೊಂಡವಳು ನೇಕಾರರ ಮಗಳು, ಆಮೇಲೆ ಉಟ್ಟ ಹರಿಪ್ರಿಯಾಳೂ ನೇಕಾರರ ಮಗಳು. ಆದರೂ ಯಾರಿಗೂ ಗೊತ್ತಾಗಲಿಲ್ಲವೆಂದು ಒಂದು ವರ್ಷ ನಂಬಿಕೊಂಡಿದ್ದ.

ಎಲ್ಲರ ಮುಂದೆ ಬಾಯಿ ಬಿಟ್ಟ. ಗಂಗಾಂಬಿಕಾ ಗಲ್ಲಕ್ಕೆ ಕೈ ಹಚ್ಚಿದಳು. ಸ್ವಂತ ಮಗ್ಗ ಇಟ್ಟುಕೊಂಡು ಹೆಂಡತಿಗೆ ಮಿಷನ್ ಸೀರೆಯೇ ಎಂದು ಕಲ್ಲೇಶಪ್ಪ ಲೊಚಗುಟ್ಟಿದ. ಅವನು ತನ್ನ ಹೆಂಡತಿಗೆ ಅದನ್ನೂ ಕೊಡಿಸಿರಲಿಲ್ಲ ಎನ್ನುವುದು ಬೇರೆ ಮಾತು.

ಬೊಮ್ಮಯ್ಯ ಗೋಡೆಯ ಮೇಲಿನ ಈಶ್ವರಮ್ಮನ ಫೋಟೋ ನೋಡಿದ. ಹದಿನಾಲ್ಕು ವರ್ಷ ಆ ಹೆಂಗಸು ಅವನ ಮಗ್ಗಕ್ಕೆ ರಾಟೆ ತಿರುಗಿಸಿದ್ದಳು. ಜ್ವರದಲ್ಲಿ ಮಲಗಿದಾಗಲೂ, ಲಾಳಿಗೆ ಕಂಡಿಕೆ ಸಾಲುತ್ತಾವಾ ಎಂದೇ ಕೇಳಿದ್ದಳು. ಊರಿನ ಮದುಮಗಳರಿಗೆಲ್ಲ ರೇಷ್ಮೆ ಹೋದ ಈ ಮನೆಯಲ್ಲಿ ಅವಳು ಉಟ್ಟ ರೇಷ್ಮೆ ಅದೊಂದೇ, ಅತ್ತೆಯ ಎಡೆಗೆ ಇಟ್ಟದ್ದು. ಫೋಟೋದ ಮುಂದೆ ಹೋಗಿ ನಿಂತ.

"ಈಶ್ವರೀ, ನನ್ನ ಅನ್ನ ನಿನ್ನ ಕೈಯಿಂದ ಬಂದಿದ್ದು. ಒಂದಿನಾನೂ ಹೇಳ್ಲಿಲ್ಲ, ಇವತ್ತು ಹೇಳ್ತೀನಿ. ಈ ಸೀರೆ ನಿಂದೇ. ಇನ್ನು ವರ್ಷಾ ವರ್ಷಾ ನನ್ನ ಕೈಯಾರೆ ನೇಯ್ದಿದ್ದೇ ಇಡ್ತೀನಿ, ಆಣೆ."

ಅಲ್ಲಿಂದಾಚೆಗೆ ಒಂದು ಎಳೆಯೂ ಹರಿಯಲಿಲ್ಲ. ಗಂಟು ಹಾಕಿ ಮುಗಿಸಿ, ಆ ಒಂದು ಗೇಣು ನೇಯ್ದು, ಮೂರು ಗಂಟೆಗೆ ಸೀರೆ ಇಳಿಸಿದ. ಕಳಶದ ಮುಂದೆ ಸೀರೆ, ಕುಪ್ಪಸ, ಬಳೆ ಇಟ್ಟು, ಹೋಳಿಗೆ ಎಡೆ ಮಾಡಿ, ಎರಡೂ ಕೈ ಎತ್ತಿ ಮುಗಿಯುವ ಹೊತ್ತಿಗೆ ಜೋಗಪ್ಪ ಬಾಗಿಲಲ್ಲಿ ನಿಂತಿದ್ದ.

ನಡೆದದ್ದನ್ನೆಲ್ಲ ಕೇಳಿ ಅವನು ಮೊದಲು ಚಪ್ಪಲಿ ಬಿಟ್ಟ, ಆಮೇಲೆ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎರಡು ಕಡೆಯೂ ಹೆಂಗಸರು, ಒಬ್ಬಳು ಸತ್ತವಳು, ಇನ್ನೊಬ್ಬಳು ದೇವರು. ಬೊಮ್ಮಯ್ಯನಿಗೆ ಬೈಗುಳ ಗ್ಯಾರಂಟಿ ಎನಿಸಿತು.

"ಸತ್ತ ಮುತ್ತೈದೆ ಕೇಳಿ ಇಸ್ಕೊಂಡಿದ್ದನ್ನ ನಮ್ಮಮ್ಮ ಕಿತ್ಕೊಳ್ಳಲ್ಲ ಬಿಡು," ಎಂದ ಜೋಗಪ್ಪ. "ನಾಳೆ ಹಳೇದನ್ನೇ ಉಡಿಸ್ತೀನಿ. ಆಯುಧಪೂಜೆ ದಿನ ಹೊತ್ತುಟ್ಟೋ ಹೊತ್ತಿಗೆ ಹೊಸದು ನನ್ನ ಕೈಲಿರ್ಬೇಕು. ಇಲ್ದಿದ್ರೆ ಅಮ್ಮನೇ ಬಂದು ಕೇಳ್ತಾಳೆ."

ಮೂರು ಹೋಳಿಗೆ ಉಂಡು ಐದರ ಬಸ್ಸಿಗೆ ಹೊರಟುಹೋದ. ಹದಿನೈದು ದಿನ ಹಿಡಿಯುವ ಸೀರೆಯನ್ನು ಎಂಟು ದಿನಕ್ಕೆ ನೇಯಬೇಕು. ಆದರೂ ಬೊಮ್ಮಯ್ಯ ಹಗುರಾಗಿದ್ದ. ಜೋಗಪ್ಪನಿಗೂ, ದುರುಗಕ್ಕನಿಗೂ, ಸೊಂಟ ನೋಯಿಸಿಕೊಂಡ ಕಲ್ಲೇಶಪ್ಪನಿಗೂ ಮನಸ್ಸಿನಲ್ಲೇ ಕೈಮುಗಿದ. ಹರಿಪ್ರಿಯಾ ಆ ಸೀರೆ ಉಟ್ಟು ಬಂದಾಗ ಮನೆಗೇ ದೀಪ ಹಚ್ಚಿದ ಹಾಗಾಯಿತು. ಇವಳಿಗೂ ತಾನು ಇದುವರೆಗೆ ಒಂದು ಕೈಮಗ್ಗದ ರೇಷ್ಮೆ ಕೊಟ್ಟಿರಲಿಲ್ಲವೆಂದು ಆಗ ಹೊಳೆಯಿತು.

ನಾಳೆಗೆ ಚೊಕ್ಕಟವಿರಲೆಂದು ಅವನು ಮಗ್ಗದ ಗುಂಡಿ ಗುಡಿಸಲು ಇಳಿದ. ಗಂಟು ಹಾಕುವಾಗ ಕಿತ್ತೆಸೆದ ಎಳೆಯ ತುಂಡುಗಳು ಅಲ್ಲಿ ಬಿದ್ದಿದ್ದವು. ಬೆಳಿಗ್ಗೆ ಅವಸರದಲ್ಲಿ ತುದಿ ನೋಡಿರಲಿಲ್ಲ, ಈಗ ನೋಡಿದ. ತಾನಾಗಿ ಹರಿದ ರೇಷ್ಮೆಯ ತುದಿ ಕುಂಚದಂತೆ ಬಿಚ್ಚಿಕೊಳ್ಳುತ್ತದೆ. ಇವೆಲ್ಲ ನೀಟಾಗಿ ಕತ್ತರಿಸಿದ್ದವು.

ಬೊಮ್ಮಯ್ಯ ತುಂಡುಗಳನ್ನು ಅಂಗೈಯಲ್ಲಿಟ್ಟು ಹೆಂಡತಿಯ ಮುಂದೆ ಹಿಡಿದ. ಹರಿಪ್ರಿಯಾ ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ಹೇಳಿದಳು.

"ಈಶ್ವರಮ್ಮಕ್ಕ ಹೋಗೋಕೆ ಮುಂಚೆ ದುರುಗಕ್ಕನಿಗೆ ಹೇಳಿದ್ರಂತೆ. 'ನನ್ನ ಗಂಡ ಒಳ್ಳೇವ್ನು, ಆದ್ರೆ ಸತ್ತೋರು ಕೇಳೋತನಕ ಮನೇಲಿರೋಳಿಗೆ ರೇಷ್ಮೆ ಕೊಡೋದು ಅವನಿಗೆ ಹೊಳೆಯಲ್ಲ. ನಾನೂ ಅತ್ತೆ ಹೆಸರು ಹೇಳೇ ಉಟ್ಟಿದ್ದು. ನನ್ನ ಹಿಂದೆ ಬರೋಳಿಗೆ ರಾಟೆ ಹಿಂದಿನ ಗೂಡಲ್ಲಿರೋ ಕತ್ತರಿ ತೋರ್ಸು' ಅಂತ."

ಬೊಮ್ಮಯ್ಯನಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಸಿಟ್ಟು ಮಾಡೋಣವೆಂದರೆ, ನಿಜವಾಗಿಯೂ ಕೇಳಿದವಳು ಈಶ್ವರಮ್ಮನೇ ಅಲ್ಲವೇ? ಆಣೆಯಂತೂ ಬೀದಿಯ ಮುಂದೆ ಇಟ್ಟಾಗಿತ್ತು. ಗೂಡಿನಲ್ಲಿದ್ದ ಕತ್ತರಿಯನ್ನು ತೆಗೆದು ನೋಡಿ, ಇದ್ದ ಜಾಗದಲ್ಲೇ ಇಟ್ಟ.

ಮಾರನೆಯ ಬೆಳಿಗ್ಗೆ ಅವನು ಮಗ್ಗಕ್ಕೆ ಕೂತಿದ್ದಾಗ ಪಕ್ಕದ ಮನೆಯಿಂದ ಕಲ್ಲೇಶಪ್ಪ ಗಾಬರಿಯಲ್ಲಿ ಕೂಗಿದ.

"ಲೇ ಬೊಮ್ಮಯ್ಯ, ನಮ್ ಮಗ್ಗದಾಗೂ ಎಳೆ ಹರೀತಾವಲ್ಲೋ! ಈಗ್ಲೇ ಮೂವತ್ತು! ಏನ್ಲಾ ಮಾಡೋದು?"

ಬೊಮ್ಮಯ್ಯ ಲಾಳಿ ನಿಲ್ಲಿಸಿದ. ನಿನ್ನೆ ಇಡೀ ದಿನ ಗಲ್ಲಕ್ಕೆ ಕೈ ಹಚ್ಚಿಕೊಂಡು ನಿಂತಿದ್ದ ಗಂಗಾಂಬಿಕಾ ನೆನಪಾದಳು. ಎದ್ದು ಬಾಗಿಲಿಗೆ ಹೋಗಿ, ಎದುರು ಮನೆಗೆ ಕೇಳುವಂತೆ ತಾನೇ ದನಿ ಎತ್ತಿದ.

"ದುರುಗಕ್ಕಾ, ಮೊರ ತಗಂಡು ಬಾ."