ನಮ್ಮ ಮನೆಯ ತಂಪು ದೆವ್ವ

ಸೆಕೆ ಏರಿದಂತೆಲ್ಲ ದೆವ್ವಗಳೂ ಹೆಚ್ಚುತ್ತವೆ, ಇದು ನನ್ನ ಅನುಭವ. ಮರಾಠಿ ಸೀಮೆಯ ಭೋಸರಿಯಲ್ಲಿ ಸುಟ್ಟ ಫ್ಯಾನುಗಳಿಗೆ ತಂತಿ ಸುತ್ತಿ ಹೊಟ್ಟೆ ಹೊರೆಯುವವನು ನಾನು. ಪ್ರತಿ ಬೇಸಿಗೆಗೂ ಒಬ್ಬರಾದರೂ ಬಂದು, "ಸ್ವಿಚ್ ಹಾಕದ ಫ್ಯಾನ್ ತಿರುಗತದ್ರಿ" ಎಂದು ಪಿಸುಗುಡುತ್ತಾರೆ. ನಾನು ನಗುತ್ತಿದ್ದೆ. ಹೋದ ಬೇಸಿಗೆಯಲ್ಲಿ ದೆವ್ವ ನೇರ ನನ್ನ ಮನೆಗೇ ಬಂತು.

ಮೊದಲು ನಾವಿದ್ದದ್ದು ಪತ್ರಾಸಿನ, ಅಂದರೆ ತಗಡಿನ ಮಾಡಿನ ಕೋಣೆಯಲ್ಲಿ. ಅಂಬೆಗಾಲಿಡುವ ಮಗಳ ಮೈತುಂಬ ಬೆವರುಸಾಲೆ, ಹಗಲೆಲ್ಲ ಅಳು. ಅದಕ್ಕೇ ಖಡಕಿಯ ಒಂದು ಹಳೇ ಕಲ್ಲುಮನೆಯ ಹಿಂದಿನ ಕೋಣೆ ಹಿಡಿದೆ. ಕಾಲಿಟ್ಟರೆ ತಣ್ಣಗಿತ್ತು. ಹಿಂದಿನವರು ಯಾಕೆ ಬಿಟ್ಟರು ಎಂದು ಮಾಲಕಿ ಅಜ್ಜಿಯನ್ನು ಮರಾಠಿಯಲ್ಲಿ ಕೇಳಿದೆ. ಅವರು ನನ್ನ ಮುಖ ನೋಡದೆ, "ಅವರಿಗೆ ತಂಪು ತಡೆಯಲಾಗಲಿಲ್ಲ" ಎಂದರು.

ಉಸಿರು

ನಡುಮಧ್ಯಾಹ್ನ. ಕರೆಂಟಿಲ್ಲ, ಫ್ಯಾನು ನಿಂತಿದೆ. ಹಿಂದಿನ ತಗ್ಗು ಕಿಟಕಿಗೆ ಹೆಂಡತಿ ತನ್ನ ಹಳೇ ಸೀರೆಯನ್ನು ಒದ್ದೆ ಮಾಡಿ ಕಟ್ಟಿದ್ದಳು. ಆ ಸೀರೆ ಮೆಲ್ಲಗೆ ಒಳಕ್ಕೆ ಉಬ್ಬಿತು. ಹಿಂದೆ ಯಾರೋ ನಿಂತಿದ್ದಾರೆ ಎನ್ನಬೇಕು, ಹಾಗೆ. ಮಾಡಿನ ಕೆಳಗೆ, ಸೌದೆ ಒಲೆಯ ಕಾಲದಲ್ಲಿ ಹೊಗೆ ಹೋಗಲೆಂದು ಬಿಟ್ಟಿದ್ದ ಕಿಂಡಿಯಿಂದ "ಹೂಂ..." ಎಂದು ಒಂದು ಉದ್ದನೆಯ ನಿಟ್ಟುಸಿರು ಕೇಳಿಸಿತು.

"ಯಾರೋ ಉಸರ ಬಿಡಾಕತ್ತಾರ್ರಿ," ಎಂದಳು ಹೆಂಡತಿ.

"ಗಾಳಿ ಅದು."

"ಗಾಳಿ ಇದ್ರ ಹೊರಗ ಬೇವಿನ ಎಲಿ ಯಾಕ ಅಲಗವಲ್ದು?"

ನೋಡಿದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ನನ್ನ ಕೈಮೇಲಿನ ಕೂದಲು ನಿಮಿರಿದವು. ಮಗಳು ಮಾತ್ರ ಕಿಂಡಿಯತ್ತ ನೋಡಿ ಕಿಲಕಿಲ ನಕ್ಕು, ನಿದ್ದೆಹೋದಳು. ನನ್ನನ್ನು ನೋಡಿ ಅವಳು ಯಾವತ್ತೂ ಹಾಗೆ ನಕ್ಕಿರಲಿಲ್ಲ.

ನಾಳೆ ಬಾ

ಸುದ್ದಿ ತಿಳಿದು ವಿಜಯಪುರದಿಂದ ಅತ್ತೆ ಬಂದಿಳಿದರು. ಬಂದವರೇ ಸುಣ್ಣದ ಕಡ್ಡಿಯಿಂದ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರು. ನಮ್ಮ ಕಡೆ ಇದು ಹಳೇ ಉಪಾಯ. ಬಾಗಿಲಿಗೆ ಬಂದ ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ.

ಮಾಲಕಿ ಅಜ್ಜಿ ಅರ್ಥ ಕೇಳಿದರು. ಹೇಳಿದೆ. ಅವರಿಗೆ ನಿಜವಾಗಿಯೂ ಚಿಂತೆಯಾಯಿತು. ಇಲ್ಲಿಯ ಭೂತಕ್ಕೆ ಕನ್ನಡ ಹೇಗೆ ಬರಬೇಕು ಎಂದು, ಕೆಳಗೆ ಅದನ್ನೇ ಮರಾಠಿಯಲ್ಲಿ ತಾವೇ ಬರೆದರು.

ಮರುದಿನ ಮಧ್ಯಾಹ್ನ ಸೀರೆ ಉಬ್ಬಿತು, ನಿಟ್ಟುಸಿರೂ ಬಂತು. ಅತ್ತೆ ಬಹಳ ಹೊತ್ತು ಕಿಂಡಿಯನ್ನೇ ನೋಡಿ, "ಪಾಪ, ಸಾಲಿ ಕಲ್ತಿಲ್ಲ ಅನಸ್ತದ," ಎಂದರು.

ಗೋಣಿಚೀಲ

"ಆ ಕಿಂಡಿ ಮುಚ್ಚರಿ. ಇಲ್ಲಾಂದ್ರ ಕೂಸಿನ್ನ ಕರಕೊಂಡು ತವರಿಗಿ ಹೋಗ್ತೀನಿ," ಎಂದಳು ಹೆಂಡತಿ. ಏಣಿ ಹತ್ತಿದೆ. ನಿಂಬೆಹಣ್ಣು, ಬೇವಿನ ಸೊಪ್ಪು ತುಂಬಿದ ಗೋಣಿಚೀಲವನ್ನು ಕತ್ತಲೆಯೊಳಗೆ ತುರುಕುತ್ತಿದ್ದಾಗ ಅದನ್ನು ಯಾರೋ ಒಳಗಿನಿಂದ ಎಳೆದರು. ಸುಳ್ಳಲ್ಲ, ಎಳೆದರು. ಏಣಿಯ ಮೆಟ್ಟಿಲು ಮುಟ್ಟದೆಯೇ ಕೆಳಗಿದ್ದೆ. ಚೀಲ ತಾನಾಗಿಯೇ ಬಿಗಿಯಾಗಿ ಕೂತಿತ್ತು.

ಮರುದಿನ ಸೀರೆ ಸತ್ತಂತೆ ಜೋತುಬಿದ್ದಿತ್ತು. ಉಸಿರಿಲ್ಲ, ಸಪ್ಪಳವಿಲ್ಲ. "ಹೋತು," ಎಂದು ಅತ್ತೆ ನೆಟಿಗೆ ಮುರಿದರು.

ದೆವ್ವದ ಹಿಂದೆಯೇ ತಂಪೂ ಹೋಯಿತು. ಮಳೆಗೆ ಮುಂಚಿನ ಮೋಡ, ಕುದಿ. ಅಂಗಡಿಯಿಂದ ಕೂಲರ್ ತಂದಿಟ್ಟೆ. ಹವೆಯೇ ಹಸಿಯಾಗಿರುವಾಗ ಕೂಲರ್ ಏನು ಮಾಡೀತು? ಮೀಟರ್ ಓಡಿತು, ಹಾಸಿಗೆ ಒದ್ದೆಯಾಯಿತು. ಮಗಳ ಕುತ್ತಿಗೆ ಮತ್ತೆ ಕೆಂಪಾಯಿತು, ಅಳು ನಿಲ್ಲಲಿಲ್ಲ. ಅತ್ತೆ ಮೊರದಿಂದ ಗಾಳಿ ಬೀಸಿ ಬೀಸಿ ಸೋತರು.

"ದೆವ್ವಿದ್ದಾಗ ಕೂಸು ಮಲಗತಿತ್ತು," ಎಂದಳು ಹೆಂಡತಿ.

ಕರೆಯೋಲೆ

ಆ ಮಧ್ಯಾಹ್ನ ಕೆಟ್ಟ ಬಲ್ಬು ಬದಲಿಸಲು ಏಣಿ ಹತ್ತಿದವನಿಗೆ ಮಾಡಿನ ಕೆಳಗೆ ತಲೆ ಬೆಂದುಹೋಯಿತು. ಆಗ ತಿಳಿಯಿತು. ಇಳಿದು ಇಬ್ಬರನ್ನೂ ಕೂರಿಸಿ ಭಾಷಣ ಮಾಡಿದೆ: "ಬಿಸಿ ಗಾಳಿ ಮ್ಯಾಲೇರಿ ಕಿಂಡ್ಯಾಗಿಂದ ಹೊರಗ ಹೋಗ್ತದ. ಆ ಜಾಗಾಕ್ಕ ಹಿಂದಿನ ನೆರಳಸಂದಿಯ ತಣ್ಣನ ಗಾಳಿ ತಗ್ಗಿನ ಕಿಡಕ್ಯಾಗಿಂದ ಒಳಗ ಬರ್ತದ. ಬಿಸಲ ಹೆಚ್ಚಾದಷ್ಟೂ ಜೋರು. ಗೋಣಿ ಎಳದದ್ದೂ ಅದೇ ಗಾಳಿ. ದೆವ್ವ ಇಲ್ಲ, ಏನಿಲ್ಲ."

ಅತ್ತೆ ಪೂರ್ತಿ ಕೇಳಿಸಿಕೊಂಡರು. "ಇರಬಹುದ್ರಿ ಅಳ್ಯಾರ. ಮದಲ ಕಿಂಡ್ಯಾಗಿನ ಆಕಿನ್ನ ವಾಪಸ್ ಕರೀರಿ."

ಚೀಲ ಕಿತ್ತೆ. ಏನೂ ಆಗಲಿಲ್ಲ. ಸೀರೆ ಅಲುಗಲಿಲ್ಲ. ಮಗಳು ಅಳುತ್ತಲೇ ಇದ್ದಳು. ನನ್ನ ಭಾಷಣ ನನಗೇ ಸುಳ್ಳೆನಿಸತೊಡಗಿತು.

ಹೆಂಡತಿ ಎದ್ದಳು. ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಿಗೆ ಹೋಗಿ, ಒದ್ದೆ ಸೆರಗಿನಿಂದ "ನಾಳೆ"ಯನ್ನು ಒರೆಸಿ, "ಇವತ್ತ" ಎಂದು ಬರೆದಳು. ಅಜ್ಜಿಯ ಮರಾಠಿಯ "ನಾಳೆ"ಯನ್ನು ಮುಟ್ಟಲಿಲ್ಲ.

ಎಲ್ಲರೂ ಉಸಿರು ಬಿಗಿಹಿಡಿದೆವು. ಸೀರೆ ಮೆಲ್ಲಗೆ ಉಬ್ಬಿತು. ಮೇಲಿನಿಂದ "ಹೂಂ..." ಎಂದಿತು. ಮಗಳು ಅಳು ನಿಲ್ಲಿಸಿ, ಕಿಂಡಿಯತ್ತ ನೋಡಿ ನಕ್ಕಳು.

ಅತ್ತೆ ಮೊರವನ್ನು ಕೆಳಗಿಟ್ಟು, ನನ್ನತ್ತ ತಿರುಗಿ ಹೇಳಿದರು: "ಕನ್ನಡ ಬರ್ತದ ನೋಡ್ರಿ."