ಖಾಲಿ ಜಾಗಕ್ಕೆ ರೊಕ್ಕ ಕೇಳಿದ ತಪ್ಪಿಗೆ

ಸಿಂಧನೂರಿನ ಅಕ್ಕಿ ವ್ಯಾಪಾರಸ್ಥರಲ್ಲಿ ಹಿರಿಯರೂ ತ್ರಾಸು ಹಿಡಿದರೆ ಕೂದಲೆಳೆಯಷ್ಟೂ ತಪ್ಪದವರೂ ಆದ ಬಸವಂತರಾಯ ಸಾಹುಕಾರರ ಸನ್ನಿಧಾನಕ್ಕೆ, ತಮ್ಮ ಅಂಗಡಿಗೆ ಆನ್‌ಲೈನ್ ಮಳಿಗೆ ಕಟ್ಟಿಕೊಡಲು ಹೊರಟ ವೆಬ್ ಡಿಸೈನರ್ ಸುರೇಖಾ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾಲ್ಕು ಜನ ಓದುವ ಹಾಗೆ ಈ ಪತ್ರ ಬರೆಯುತ್ತಿರುವುದು ತಮ್ಮನ್ನು ದೂರಲಿಕ್ಕೆ ಖಂಡಿತ ಅಲ್ಲ. ನನ್ನ ಕಸುಬಿಗೆ ಬೆಲೆ ಕಟ್ಟುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ, ತಾವು ಮೊನ್ನೆ ಒಂದು ಕಪ್ ಚಹಾ ಆರುವುದರೊಳಗೆ ಹೇಳಿಕೊಟ್ಟಿರಿ, ಆ ಉಪಕಾರ ಊರಿಗೆಲ್ಲ ಗೊತ್ತಾಗಲೆಂದು ಬರೆಯುತ್ತಿದ್ದೇನೆ.

ಏಳು ಪುಟ, ಹಣ ಕಟ್ಟುವ ವ್ಯವಸ್ಥೆ, ಅಕ್ಕಿ ಚೀಲಗಳ ಫೋಟೊ, ಒಂದು ವರ್ಷದ ದುರಸ್ತಿ, ಎಲ್ಲ ಸೇರಿ ಮೂವತ್ತೈದು ಸಾವಿರ ಎಂದು ನಾನು ಬರೆದುಕೊಟ್ಟ ಹಾಳೆಯನ್ನು ಮಡಚಿ ಜೇಬಿಗಿಟ್ಟು, ತಾವು ಮಾದರಿ ಪುಟದ ಮೇಲೆ ಭತ್ತದ ರಾಶಿಯಲ್ಲಿ ಕೈಯಾಡಿಸಿದ ಹಾಗೆ ಬೆರಳಾಡಿಸಿ, "ಅರ್ಧ ಪೇಜು ಖಾಲಿನ ಐತಲ್ಲವಾ ತಂಗಿ, ಖಾಲಿ ಜಾಗಕ್ಕೂ ನಾ ರೊಕ್ಕ ಕೊಡಬೇಕೇನು?" ಎಂದಿರಿ. ಸಾಲಗುಂದದ ರೈತರ ಭತ್ತಕ್ಕೆ ತೇವವೆಂದು, ಜೊಳ್ಳೆಂದು, ಚೀಲದ ತೂಕವೆಂದು ಕಳೆದು ಪಳಗಿದ ಆ ಕೈ ನನ್ನ ಪುಟಗಳಲ್ಲಿ ಅಕ್ಷರವಿಲ್ಲದ ಜಾಗವನ್ನೆಲ್ಲ ಕಳೆಯಿತು, ಚೀಲ ತಮ್ಮವೇ ಆದ್ದರಿಂದ ಫೋಟೊಗಳನ್ನೂ ಕಳೆಯಿತು, ಉಳಿದ ಒಂಬತ್ತು ಸಾವಿರದ ಮೇಲೆ ಎಂಟನೆಯ ಪುಟವನ್ನು ಕೊಸರು ಕೇಳಿತು. ನಾನು ಚಹಾ ಕುಡಿದು ಎದ್ದು ಬಂದೆ.

ಇಂಥ ವಿದ್ಯೆ ಅಕ್ಕಿ ಅಂಗಡಿಯಲ್ಲೇ ಕೊಳೆಯಬಾರದು. ಆದ್ದರಿಂದ ನನ್ನದೊಂದು ವಿನಂತಿ: ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರರಿಗೆ ತಾವೇ ಒಂದು ಮಾತು ಹೇಳಿ, ಊರಿಲ್ಲದ ಖಾಲಿ ದಾರಿಗೆ ಟಿಕೆಟ್ ಹರಿಯದಂತೆ ನೋಡಿಕೊಳ್ಳಬೇಕು. ಇದರಲ್ಲಿ ನನ್ನ ಸ್ವಾರ್ಥವೂ ಉಂಟು, ಏಕೆಂದರೆ ಲಿಂಗಸುಗೂರಿನ ಶಾಲೆಯೊಂದು ನನ್ನನ್ನು ಕಂಪ್ಯೂಟರ್ ಟೀಚರಾಗಿ ಕರೆದಿದೆ, ಸೋಮವಾರದೊಳಗೆ ಉತ್ತರ ಕೊಡಬೇಕು. ತಮ್ಮ ಕೆಲಸ ಸರಿಯಾದ ಬೆಲೆಗೆ ಕುದುರಿದರೆ ನನ್ನ ಕಸುಬು ಉಳಿಯುತ್ತದೆ, ಇಲ್ಲವಾದರೆ ನಾನು ಆ ಬಸ್ಸಿನಲ್ಲಿ ದಿನಾ ನಿಂತುಕೊಂಡು ಹೋಗಬೇಕು.

ಮಸ್ಕಿಯಲ್ಲಿರುವ ತಮ್ಮ ಅಳಿಯ ಸಂಗನಬಸವ ಇದನ್ನೆಲ್ಲ ಪುಕ್ಕಟೆ ಮಾಡಿಕೊಡುತ್ತಾರೆಂದೂ ಹೇಳಿದಿರಿ. ಅವರು ಮಾಡಿದ್ದನ್ನು ನೋಡಿದೆ, ಬಹಳ ಚೆಂದವಿದೆ, ಅದರಲ್ಲಿ ಖಾಲಿ ಜಾಗವೇ ಇಲ್ಲ. ಹೂಮಾಲೆಯ ಚೌಕಟ್ಟಿನೊಳಗೆ ತಮ್ಮ ಫೋಟೊ ಕೂಡಿಸಿದ್ದನ್ನು ಫೋನಿನಲ್ಲಿ ನೋಡಿ ಮುಕ್ಕುಂದದಿಂದ ಇಬ್ಬರು ತಾವು ತೀರಿಕೊಂಡಿರೆಂದು ಮಣ್ಣಿಗೆ ಬಂದು, ತಾವೇ ಗಲ್ಲಾದ ಮೇಲೆ ಕೂತಿದ್ದನ್ನು ಕಂಡು, ಚಹಾ ಕುಡಿದು ಹೋದರಂತೆ. ಅಷ್ಟರಮಟ್ಟಿಗೆ ಪ್ರಚಾರ ಕೊಡಿಸುವ ಶಕ್ತಿ ನನ್ನಲ್ಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ನಗುತ್ತ ಬರೆಯುತ್ತಿದ್ದೇನಾದರೂ ಸಾಹುಕಾರರೇ, ನನಗೆ ಸಿಟ್ಟು ಬಂದದ್ದು ನಿಜ. ಕೊಳ್ಳುವವರ ಕಣ್ಣು ದಣಿಯದೆ, ಬೆರಳು ನೇರವಾಗಿ ತಮ್ಮ ಅಕ್ಕಿಯ ಮೇಲೇ ಹೋಗಲೆಂದು ಆ ಜಾಗವನ್ನು ಅಳೆದು ಅಳೆದು ಬಿಡಲಿಕ್ಕೆ ನನಗೆ ನಾಲ್ಕು ದಿನ ಹಿಡಿಯಿತು. ಇಂದು ನಾನು ಒಂಬತ್ತು ಸಾವಿರಕ್ಕೆ ತಲೆಯಾಡಿಸಿದರೆ ನಾಳೆ ಇಡೀ ಬಜಾರು ನನಗೆ ಅದೇ ರೇಟು ಹೇಳುತ್ತದೆ. ಈ ಮಳಿಗೆಗಾಗಿ ಆರು ತಿಂಗಳಿಂದ ಓಡಾಡುತ್ತಿರುವ ತಮ್ಮ ಸೊಸೆ ಅಶ್ವಿನಿಯವರೂ ಫೋನು ಮಾಡಿ, "ಅಕ್ಕಾ, ಮಾವಾರು ಹಂಗ ಅಂತಾರ, ನೀವು ರೇಟು ಇಳಿಸಬ್ಯಾಡ್ರಿ, ನಾ ನೋಡ್ಕೋತೀನಿ" ಎಂದಿದ್ದಾರೆ. ಹಾಗಾಗಿ ಮೂವತ್ತೈದು ಎಂದರೆ ಮೂವತ್ತೈದೇ, ಕೊಸರಿಲ್ಲ.

ತಮ್ಮ ಲೆಕ್ಕಾಚಾರಕ್ಕೆ ಸದಾ ತಲೆಬಾಗುವ,
ತಮ್ಮ ವಿಶ್ವಾಸಿ,
ಸುರೇಖಾ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಅಶ್ವಿನಿಯವರು ಸ್ವಂತ ಖಾತೆಯಿಂದ ಮೂವತ್ತೈದು ಸಾವಿರವನ್ನೂ ಕಳಿಸಿದರು; ನಾನು ಲಿಂಗಸುಗೂರಿನ ಶಾಲೆಗೆ ಬರುವುದಿಲ್ಲವೆಂದು ತಿಳಿಸಿಬಿಟ್ಟೆ. ಒಟಿಪಿ ಬಂದರೆ ರೊಕ್ಕ ಹೋಗುತ್ತದೆಂದು ಹೆದರಿ ತಾವು ಮಳಿಗೆಯ ಎಲ್ಲ ಅರ್ಜಿಗಳಲ್ಲೂ ಸೊಸೆಯ ಹೆಸರು, ಸೊಸೆಯ ನಂಬರನ್ನೇ ಬರೆಸಿದ್ದರಿಂದ, ಮಳಿಗೆಯ ಮಾಲೀಕರು ಈಗ ಅವರೇ. ಅಲ್ಲಿ ತಮ್ಮ ಅಕ್ಕಿಯನ್ನೂ ಮಾರಬೇಕೆಂದಿದ್ದರೆ ಒಂದು ಹಿಡಿ ತೆಗೆದುಕೊಂಡು ಬರಬೇಕಂತೆ, ನೋಡಿ ರೇಟು ಹೇಳುತ್ತಾರಂತೆ.